ಮಂಕಾಗುವ ಉಳಿಬೆಳಕನ್ನು ಮತ್ತೆ ನೋಡುವುದೇಕೆ?

ಗಾಮಾ ಕಿರಣ ಸ್ಫೋಟದ (ದೂರದ ಆಕಾಶದಿಂದ ಸ್ವಲ್ಪ ಹೊತ್ತು ಮಾತ್ರ ಬರುವ ಗಾಮಾ ಕಿರಣಗಳ ಪ್ರಖರ ಹೊಳಪಿನ) ಉಳಿಬೆಳಕನ್ನು, ಅಂದರೆ ಆ ಹೊಳಪಿನ ನಂತರ ಉಳಿದು ಕ್ರಮೇಣ ಮಂಕಾಗುವ ಬೆಳಕನ್ನು, ಒಮ್ಮೆ ಚಿತ್ರಿಸಿದ ಮೇಲೂ ದಿನಗಳ ನಂತರ ಅದೇ ಜಾಗವನ್ನು ಮತ್ತೆ ನೋಡುವುದೇಕೆ ಎಂದು ತಾವು ಕೇಳಿದ್ದೀರಿ. ಮಂಕಾಗುವುದೇ ಅದರ ಗುರುತು. 1997ರ ಫೆಬ್ರವರಿ 28ರಂದು ಬೆಪ್ಪೋಸ್ಯಾಕ್ಸ್ ಉಪಗ್ರಹ ಕಂಡ ಸ್ಫೋಟದ ಜಾಗವನ್ನು ಲಾ ಪಾಲ್ಮಾ ದ್ವೀಪದ 4.2 ಮೀಟರ್ ವ್ಯಾಸದ ವಿಲಿಯಂ ಹರ್ಷೆಲ್ ದೂರದರ್ಶಕವು ಸುಮಾರು 21 ಗಂಟೆಗಳಲ್ಲೇ ಚಿತ್ರಿಸಿತಾದರೂ, ಅಲ್ಲಿದ್ದ ಅನೇಕ ಚುಕ್ಕೆಗಳಲ್ಲಿ ಬೇಕಾದದ್ದು ಯಾವುದೆಂದು ತಿಳಿದದ್ದು, ಖಗೋಳವಿಜ್ಞಾನಿ ಯಾನ್ ವಾನ್ ಪಾರಾಡೈಸ್ ಅವರ ತಂಡವು ಆ ಚಿತ್ರವನ್ನು ಮಾರ್ಚ್ 8ರ ಚಿತ್ರಗಳೊಡನೆ ಹೋಲಿಸಿ ಒಂದು ಚುಕ್ಕೆ ಕಾಣೆಯಾಗಿರುವುದನ್ನು ಗಮನಿಸಿದಾಗಲೇ. ಇಂತಹ ಸ್ಫೋಟವೊಂದರ ಉಳಿಬೆಳಕು ದೃಗ್ಗೋಚರ ಬೆಳಕಿನಲ್ಲಿ ಸಿಕ್ಕಿದ್ದು ಅದೇ ಮೊದಲು. ನನ್ನ ದೃಷ್ಟಿಯಲ್ಲಿ ತಡವಾದ ವೀಕ್ಷಣೆಗಳೇ ಹೆಚ್ಚು ಅಮೂಲ್ಯ: ಸೆಪ್ಟೆಂಬರ್‌ನಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ನೋಡಿದಾಗ ಉಳಿಬೆಳಕಿನ ಬಿಂದು ಬಹಳ ಕ್ಷೀಣಿಸಿದ್ದರೂ ಅದರ ಪಕ್ಕದ ಮಸುಕಾದ ಬೆಳಕಿನ ತೇಪೆ ಹಾಗೆಯೇ ಉಳಿದಿತ್ತು; ಅದು ಸ್ಫೋಟ ನಡೆದ ಗೆಲಾಕ್ಸಿಯೇ ಎಂಬ ವಾದಕ್ಕೆ ಇದರಿಂದ ಬಲ ಬಂದಿತು. ಕಾಂತಿಯು ಸ್ಥೂಲವಾಗಿ ಕಾಲಕ್ಕೆ ವಿಲೋಮವಾಗಿ, ಅಂದರೆ ಮೊದಲು ವೇಗವಾಗಿ ಆಮೇಲೆ ನಿಧಾನವಾಗಿ, ಇಳಿಯುವುದರಿಂದ, ಮೊದಲ ವೀಕ್ಷಣೆಗಳನ್ನು ಗಂಟೆಗಳ ಅಂತರದಲ್ಲೂ ಅನಂತರದವನ್ನು ವಾರಗಳ ಅಂತರದಲ್ಲೂ ಮಾಡಬಹುದು.