ಎಲೆ ನೀಲಿಯಾಗದಿದ್ದರೆ ತಪ್ಪು ಎಲ್ಲಿ? ಓದುಗರ ವಿಜ್ಞಾನ ಪ್ರಶ್ನೆಗಳು

ಪ್ರಶ್ನೆ: ಎಲೆಯಲ್ಲಿ ಪಿಷ್ಟ ಇದೆಯೇ ಎಂದು ನೋಡುವ ಪ್ರಯೋಗವನ್ನು ತರಗತಿಯಲ್ಲಿ ದಾಸವಾಳದ ಎಲೆಯಿಂದ ಮಾಡಿದೆವು. ನೀರಲ್ಲಿ ಕುದಿಸಿ, ಸ್ಪಿರಿಟ್‌ನಲ್ಲಿ ಅದ್ದಿ, ಅಯೋಡಿನ್ ಹಾಕಿದರೂ ಎಲೆ ಕಂದಾಯಿತೇ ಹೊರತು ನೀಲಿಗಪ್ಪು ಆಗಲಿಲ್ಲ. ಯಾಕೆ ಸರ್?
— ಹತ್ತನೇ ತರಗತಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ಕಂದು ಅಯೋಡಿನ್ನಿನ ಸ್ವಂತ ಬಣ್ಣ. ಎಲೆಯಲ್ಲಿ ಪಿಷ್ಟ ಇರಲಿಲ್ಲ, ಇಲ್ಲವೇ ಇದ್ದರೂ ಅಯೋಡಿನ್ ಅದನ್ನು ತಲುಪಲಿಲ್ಲ. ಎಲೆ ಕಿತ್ತದ್ದು ಎಷ್ಟು ಹೊತ್ತಿಗೆ ಎಂದು ಮೊದಲು ನೆನಪಿಸಿಕೊಳ್ಳಿ. ಹಗಲಲ್ಲಿ ಕೂಡಿಟ್ಟ ಪಿಷ್ಟದ ಬಹುಪಾಲನ್ನು ಗಿಡ ರಾತ್ರಿ ಸಕ್ಕರೆಯಾಗಿ ಕರಗಿಸಿ ಬೇರಿಗೂ ಚಿಗುರಿಗೂ ಸಾಗಿಸುತ್ತದೆ. ಬೆಳಗಿನ ಮೊದಲ ಪಿರಿಯಡ್‌ಗೆಂದು ಕಿತ್ತು ತಂದ ಎಲೆ ಹೆಚ್ಚುಕಮ್ಮಿ ಖಾಲಿ ಇರುತ್ತದೆ. ಶಾಲೆಗಳಲ್ಲಿ ಈ ಪ್ರಯೋಗ ಕೈಕೊಡುವುದಕ್ಕೆ ಇದೇ ದೊಡ್ಡ ಕಾರಣ. ಐದಾರು ತಾಸು ಬಿಸಿಲು ಕಂಡ ಎಲೆಯನ್ನು ಮಧ್ಯಾಹ್ನದ ಮೇಲೆ ಕೀಳಿ. ತೀರಾ ಎಳೆಯದೂ ಬೇಡ, ದಪ್ಪಗೆ ಬಲಿತದ್ದೂ ಬೇಡ.

ಎಲೆಯನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಮುಳುಗಿಸಿಡಬೇಕು. ಜೀವಕೋಶಗಳ ಪೊರೆ ಒಡೆದರೆ ತಾನೇ ಮುಂದೆ ಸ್ಪಿರಿಟ್, ಅಯೋಡಿನ್ ಒಳಗೆ ಇಳಿಯುವುದು! ಇಲ್ಲಿ ಅವಸರ ಮಾಡಿದರೆ ಬಣ್ಣ ತೇಪೆತೇಪೆಯಾಗಿ ಬರುತ್ತದೆ. ದಾಸವಾಳ ಲೋಳೆ ಬಿಡುತ್ತದೆ, ಅದರಿಂದ ತೊಂದರೆಯಿಲ್ಲ, ತೊಳೆದುಕೊಳ್ಳಿ.

ಆಮೇಲೆ ಸ್ಪಿರಿಟ್. ಒಲೆ ಆರಿಸಿದ ಮೇಲೆಯೇ ಬಾಟಲಿಯ ಮುಚ್ಚಳ ತೆಗೆಯಬೇಕು. ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಅದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಎಲೆ ಮತ್ತು ಸ್ಪಿರಿಟ್ ಇರುವ ಪ್ರನಾಳವನ್ನು ಆಗಷ್ಟೇ ಕುದಿದು ಇಳಿದ ನೀರಿನ ಪಾತ್ರೆಯೊಳಗೆ ನಿಲ್ಲಿಸಿದರೆ ಸಾಕು. ಐದರಿಂದ ಹತ್ತು ನಿಮಿಷದಲ್ಲಿ ಸ್ಪಿರಿಟ್ ಹಸಿರಾಗಿ ಎಲೆ ಬಿಳಿಚಿಕೊಳ್ಳುತ್ತದೆ. ಎಲೆಯಲ್ಲಿ ಹಸಿರು ಉಳಿದಿದ್ದರೆ ನೀರನ್ನು ಮತ್ತೆ ಕಾಯಿಸಿ (ಆಗ ಸ್ಪಿರಿಟ್ ಒಲೆಯಿಂದ ದೂರ ಇರಲಿ), ಹೊಸ ಸ್ಪಿರಿಟ್‌ನಲ್ಲಿ ಇನ್ನೊಮ್ಮೆ ಅದ್ದಿ. ಈಗ ಎಲೆ ಹಪ್ಪಳದಂತೆ ಗರಿಗರಿಯಾಗಿರುತ್ತದೆ, ಬಿಡಿಸಲು ಹೋದರೆ ಮುರಿಯುತ್ತದೆ. ಬಿಸಿನೀರಲ್ಲಿ ಅದ್ದಿ ಮೆದು ಮಾಡಿಕೊಂಡು ಬಿಳಿ ತಟ್ಟೆಯ ಮೇಲೆ ಹರಡಿ.

ಹರಡಿದ ಎಲೆ ತಣ್ಣಗಾಗುವವರೆಗೆ ಕಾಯಿರಿ. ಅಯೋಡಿನ್ ಪಿಷ್ಟದ ಸುರುಳಿಯೊಳಗೆ ಸಾಲಾಗಿ ಕೂತರಷ್ಟೇ ನೀಲಿ ಕಾಣುವುದು. ಬಿಸಿಗೆ ಆ ಸುರುಳಿ ಸಡಿಲವಾಗಿ ಬಣ್ಣ ಮಾಯವಾಗುತ್ತದೆ, ಆರಿದರೆ ಮತ್ತೆ ಬರುತ್ತದೆ. ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ ಆಗಲಿ, ಪೊವಿಡೋನ್ ಅಯೋಡಿನ್ ದ್ರಾವಣವಾಗಲಿ ನಡೆಯುತ್ತದೆ. ತಿಳಿಕಂದು ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿಕೊಳ್ಳಿ. ಬೆರೆಸದೆ ಸುರಿದರೆ ಕಡುಗಂದು ಬಣ್ಣದಲ್ಲಿ ನೀಲಿ ಮುಚ್ಚಿಹೋಗುತ್ತದೆ.

ಎಲ್ಲ ಗಿಡವೂ ಈ ಪ್ರಯೋಗಕ್ಕೆ ಒದಗುವುದಿಲ್ಲ. ಈರುಳ್ಳಿ ಎಲೆ ಪಿಷ್ಟದ ಬದಲು ಸಕ್ಕರೆಯನ್ನೇ ಇಟ್ಟುಕೊಳ್ಳುತ್ತದೆ, ಅದು ನೀಲಿಯಾಗುವುದಿಲ್ಲ. ಮೆಕ್ಕೆಜೋಳದ ಎಲೆಯಲ್ಲಿ ಪಿಷ್ಟ ನರಗಳ ಸುತ್ತಲಿನ ಕೋಶಗಳಲ್ಲಿ ಇರುವುದರಿಂದ ಬಣ್ಣ ಗೆರೆಗೆರೆಯಾಗಿ ಮೂಡುತ್ತದೆ. ಹಾವೇರಿಯವರಿಗೆ ಮೆಕ್ಕೆಜೋಳಕ್ಕೇನು ಬರ, ಅದನ್ನೂ ಮಾಡಿ ನೋಡಿ.

ಮುಂದಿನ ಪಾಠದಲ್ಲಿ ಎಲೆಗೆ ಕಪ್ಪು ಕಾಗದ ಕಟ್ಟಿ ಬೆಳಕು ತಡೆಯುವ ಪ್ರಯೋಗ ಬರುತ್ತದೆ. ಅದಕ್ಕೆ ಮಾತ್ರ ಗಿಡವನ್ನು ಮೊದಲು ಎರಡು–ಮೂರು ದಿನ ಕತ್ತಲಲ್ಲಿಟ್ಟು ಹಳೆಯ ಪಿಷ್ಟ ಖಾಲಿ ಮಾಡಿಸಬೇಕು. ಕಾಗದ ಎರಡೂ ಬದಿಗೆ ಬರಲಿ. ಪಕ್ಕದ ಎಲೆಗೆ ಅಷ್ಟೇ ಅಗಲದ ಪಾರದರ್ಶಕ ಹಾಳೆಯನ್ನೂ ಕಟ್ಟಿ. ಇಲ್ಲದಿದ್ದರೆ ಪಿಷ್ಟ ಆಗದಿದ್ದುದು ಬೆಳಕಿಲ್ಲದೆಯೋ ಗಾಳಿಯಾಡದೆಯೋ ಎಂದು ಯಾರಾದರೂ ಕೇಳಿದರೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ.

ಪ್ರಶ್ನೆ: ಅಶ್ವತ್ಥ ಮರ ಮತ್ತು ತುಳಸಿ ರಾತ್ರಿಯೂ ಆಮ್ಲಜನಕ ಕೊಡುತ್ತವೆ, ಹುಣಸೆ ಮರದ ಕೆಳಗೆ ಮಲಗಿದರೆ ಅಪಾಯ ಎನ್ನುತ್ತಾರೆ. ನಿಜವೇ?
— ಗೃಹಿಣಿ, ತಿಪಟೂರು

ಉತ್ತರ: ಎರಡೂ ನಿಜವಲ್ಲ. ಗಿಡ ಬಿಡುವ ಆಮ್ಲಜನಕ ನೀರಿನ ಅಣುವನ್ನು ಒಡೆದಾಗ ಬರುವಂಥದ್ದು, ಒಡೆಯುವ ಶಕ್ತಿ ಬೆಳಕಿನದು. ಬೆಳಕಿಲ್ಲದೆ ಅಶ್ವತ್ಥವಾಗಲಿ ತುಳಸಿಯಾಗಲಿ ಆಮ್ಲಜನಕ ಕೊಡಲಾರದು. ರಾತ್ರಿ ಎಲ್ಲ ಗಿಡಗಳೂ ನಮ್ಮಂತೆ ಉಸಿರಾಡುತ್ತವೆ ಅಷ್ಟೆ. ಹಗಲಲ್ಲೂ ಉಸಿರಾಡುತ್ತವೆ, ದ್ಯುತಿಸಂಶ್ಲೇಷಣೆಯ ಭರಾಟೆಯಲ್ಲಿ ಅದು ಲೆಕ್ಕಕ್ಕೆ ಸಿಗುವುದಿಲ್ಲ.

ಇನ್ನು ಇಂಗಾಲದ ಡೈಆಕ್ಸೈಡ್ ಭಯ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಕೋಣೆಯಲ್ಲಿ ನಾಲ್ಕು ಕುಂಡ ಇಡುವುದಕ್ಕಿಂತ ಪಕ್ಕದಲ್ಲಿ ಇನ್ನೊಬ್ಬರು ಮಲಗುವುದರಿಂದಲೇ ಅದು ಹೆಚ್ಚು ಸೇರುತ್ತದೆ. ಬಯಲಿನ ಹುಣಸೆ ಮರದ ಕೆಳಗಂತೂ ಗಾಳಿಯಾಡುತ್ತಲೇ ಇರುತ್ತದೆ. ಒಣಕೊಂಬೆ, ಹಾವು, ಚೇಳಿಗೆ ಹೆದರಿ ಮಲಗದಿದ್ದರೆ ಅದು ಬೇರೆ ಮಾತು.

ಈ ನಂಬಿಕೆಯ ಪಕ್ಕದಲ್ಲೇ ಒಂದು ನಿಜ ಸಂಗತಿ ಇದೆ. ಪಾಪಸುಕಳ್ಳಿ, ಅನಾನಸ್, ಕತ್ತಾಳೆಯಂಥವು ನೀರು ಉಳಿಸಲು ಹಗಲು ಪತ್ರರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಬೆಳಗಾದ ಮೇಲೆ ಬಿಸಿಲಿನಲ್ಲಿ ಸಕ್ಕರೆ ತಯಾರಿಸಲು ಬಳಸುತ್ತವೆ. ಎಲೆಯ ಅಂಚಿನಲ್ಲೇ ಮರಿಗಿಡ ಹುಟ್ಟುವ ಕಾಡುಬಸಳೆಯೂ ಇದೇ ಗುಂಪಿನದು. ಇದರ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ ಎಂದು ಭಾರತದಲ್ಲಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೈನ್ ಗುರುತಿಸಿದ್ದರು. ಅವರ ಬರಹ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಗಳೂರಿನ ಲಾಲ್‌ಬಾಗ್ ಕೆಲವು ವರ್ಷ ಇದೇ ಹೈನ್ ಅವರ ಉಸ್ತುವಾರಿಯಲ್ಲಿತ್ತು. ನೀವು ನಾಲಿಗೆಗೆ ಹಾಕಿ ನೋಡಬೇಡಿ, ಆ ಎಲೆಯಲ್ಲಿ ಹೃದಯಕ್ಕೆ ತೊಂದರೆ ಕೊಡುವ ಅಂಶಗಳಿವೆ. ಬೆಳಗ್ಗೆ ಆರಕ್ಕೊಂದು, ಸಂಜೆ ಐದಕ್ಕೊಂದು ಎಲೆ ಅರೆದು ರಸಕ್ಕೆ ಪಿಎಚ್ ಪಟ್ಟಿ ಅದ್ದಿ. ಲಿಟ್ಮಸ್ ಕಾಗದ ಎರಡು ಹೊತ್ತೂ ಕೆಂಪಾಗಬಹುದು, ಅದರಿಂದ ವ್ಯತ್ಯಾಸ ತಿಳಿಯದು.

ಪ್ರಶ್ನೆ: ಕಡಲೆಕಾಯಿ ಮಣ್ಣಿನೊಳಗೆ ಬೆಳೆಯುತ್ತದೆ. ಅದು ಬೇರಲ್ಲವೇ?
— ಏಳನೇ ತರಗತಿ ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಅಲ್ಲ, ಅದು ಹಣ್ಣು, ಒಳಗಿರುವುದು ಬೀಜ. ಹಳದಿ ಹೂವು ನೆಲದ ಮೇಲೆಯೇ ಅರಳುತ್ತದೆ. ಫಲಿತವಾದ ಮೇಲೆ ಹೂವಿನ ಬುಡದಿಂದ ಸೂಜಿಯಂಥ ಎಳೆ ಹೊರಟು ಕೆಳಮುಖವಾಗಿ ಬೆಳೆದು ಮಣ್ಣಿಗೆ ಇಳಿಯುತ್ತದೆ, ಕತ್ತಲಲ್ಲಿ ಅದರ ತುದಿ ಊದಿ ಕಾಯಿ ಕಟ್ಟುತ್ತದೆ. ಮಣ್ಣು ಗಟ್ಟಿಯಾಗಿ ಸೂಜಿ ಇಳಿಯದಿದ್ದರೆ ಕಾಯಿ ಆಗುವುದಿಲ್ಲ. ಕಾಯಿಗೆ ಬೇಕಾದ ಕ್ಯಾಲ್ಸಿಯಂ ಬೇರಿನಿಂದ ಹೆಚ್ಚು ಬರುವುದಿಲ್ಲ, ಕಾಯಿಯ ಸಿಪ್ಪೆಯೇ ಸುತ್ತಲಿನ ಮಣ್ಣಿನಿಂದ ಹೀರಿಕೊಳ್ಳುತ್ತದೆ. ಹೂ ಬಿಡುವ ಹೊತ್ತಿಗೆ ಗಿಡದ ಬುಡಕ್ಕೆ ಜಿಪ್ಸಂ ಹಾಕುವುದು ಇದಕ್ಕೇ. ಕ್ಯಾಲ್ಸಿಯಂ ಸಾಲದಿದ್ದರೆ ಕಾಯಿ ಜೊಳ್ಳಾಗುತ್ತದೆ. ನಿಮ್ಮ ಊರಿನ ಹೊಲದಲ್ಲಿ ಒಂದು ಗಿಡ ಕಿತ್ತರೆ ಸೂಜಿ, ಕಾಯಿ ಎರಡೂ ಸಿಗುತ್ತವೆ. ಬೇರಿನ ಮೇಲಿರುವ ಸಣ್ಣ ಗಂಟುಗಳು ಬೇರೆ. ಅವು ಸಾರಜನಕ ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾದ ಮನೆ.

ಪ್ರಶ್ನೆ: ಸುಣ್ಣದ ತಿಳಿನೀರಿಗೆ ಊದಿದಾಗ ಹಾಲಿನ ಬಣ್ಣ ಬಂತು. ಮಕ್ಕಳು ಬಿಡದೆ ಊದುತ್ತ ಹೋದರು, ನೀರು ಮತ್ತೆ ತಿಳಿಯಾಯಿತು! ಪ್ರಯೋಗ ಕೆಟ್ಟಿತೇ?
— ಶಿಕ್ಷಕಿ, ಕುಂದಾಪುರ

ಉತ್ತರ: ಕೆಟ್ಟಿಲ್ಲ ಮೇಡಂ, ಒಂದು ಹೆಜ್ಜೆ ಮುಂದೆ ಹೋಗಿದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದೊಂದಿಗೆ ಸೇರಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆದಾಗ ಬಿಳಿ. ಊದುತ್ತಲೇ ಇದ್ದರೆ ಅದು ಕರಗುವ ಬೈಕಾರ್ಬೊನೇಟ್ ಆಗಿ ತಿಳಿ. ಆ ತಿಳಿಯನ್ನು ಕುದಿಸಿ, ಬಿಳಿ ಮತ್ತೆ ಕೂರುತ್ತದೆ. ಗಡಸು ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೂ ಹೀಗೇ ಆದದ್ದು.

ತಿಳಿನೀರು ತಯಾರಿಸಲು ವೀಳ್ಯದೆಲೆಗೆ ಹಚ್ಚುವ ಹಸಿ ಸುಣ್ಣ ಒಂದು ಚಮಚ, ಕಾಲು ಲೀಟರ್ ನೀರು ಸಾಕು. ಲೀಟರಿಗೆ ಕರಗುವುದೇ 2 ಗ್ರಾಂಗಿಂತ ಕಡಿಮೆ, ಹೆಚ್ಚು ಸುಣ್ಣ ಸುರಿದು ಫಲವಿಲ್ಲ. ಕುಲುಕಿ, ಬಾಟಲಿ ತುಂಬಿಸಿ, ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ತೆರೆದಿಟ್ಟರೆ ಗಾಳಿ ತಾಗಿಯೇ ಕೆನೆಗಟ್ಟುತ್ತದೆ. ಒಣಗಿ ಹರಳಾದ ಹಳೆಯ ಸುಣ್ಣ ಬೇಡ, ಅದು ಆಗಲೇ ಕಾರ್ಬೊನೇಟ್ ಆಗಿರುತ್ತದೆ. ಸ್ಟ್ರಾದಲ್ಲಿ ಮೆಲ್ಲಗೆ ಊದಲಿ, ಯಾರೂ ಹೀರದಂತೆ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ.

ಇದರ ಜೊತೆಗೆ ಒಂದು ತಪ್ಪನ್ನೂ ತಿದ್ದಬಹುದು. 'ಆಮ್ಲಜನಕ ಒಳಗೆ, ಇಂಗಾಲದ ಡೈಆಕ್ಸೈಡ್ ಹೊರಗೆ' ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಶೇ 21, ಹೊರಬರುವುದರಲ್ಲಿ ಇನ್ನೂ ಸುಮಾರು ಶೇ 16 ಉಳಿದಿರುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಶೇ 0.04ರಿಂದ ಸುಮಾರು ಶೇ 4ಕ್ಕೆ ಏರುತ್ತದೆ. ಬಾಯಿಗೆ ಬಾಯಿಟ್ಟು ಊದಿ ಜೀವ ಉಳಿಸಲು ಸಾಧ್ಯವಾಗುವುದು ಆ ಶೇ 16ರಿಂದ.

ಪ್ರಶ್ನೆ: ಗಂಜಿಗೆ ಲಾಲಾರಸ ಬೆರೆಸಿ ಅರ್ಧ ಗಂಟೆ ಬಿಟ್ಟೆ. ಅಯೋಡಿನ್ ಹಾಕಿದರೆ ಆಗಲೂ ನೀಲಿ. ಪಿಷ್ಟ ಜೀರ್ಣವಾಗಲಿಲ್ಲವೇಕೆ?
— ಒಂಬತ್ತನೇ ತರಗತಿ ವಿದ್ಯಾರ್ಥಿ, ಮುಂಬೈ

ಉತ್ತರ: ಬಹುಶಃ ಗಂಜಿ ದಪ್ಪವಾಗಿತ್ತು, ಇಲ್ಲವೇ ಬಿಸಿ ಇತ್ತು. ಲಾಲಾರಸದ ಅಮೈಲೇಸ್ ಕಿಣ್ವಕ್ಕೆ ಮೈಯ ಬಿಸಿ, ಅಂದರೆ 37 ಡಿಗ್ರಿ ಹಿತ. ಕುದಿಬಿಸಿಯಲ್ಲಿ ಅದು ಕೆಟ್ಟೇಹೋಗುತ್ತದೆ. 100 ಮಿ.ಲೀ. ನೀರಿಗೆ 1 ಗ್ರಾಂ ಪಿಷ್ಟದ ಪುಡಿ ಹಾಕಿ ಕುದಿಸಿ, ಪೂರ್ತಿ ಆರಿಸಿ. ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಬಿಟ್ಟು 1 ಮಿ.ಲೀ. ಲಾಲಾರಸವನ್ನು 1 ಮಿ.ಲೀ. ದ್ರಾವಣಕ್ಕೆ ಬೆರೆಸಿ, ಪ್ರನಾಳವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ. ಇನ್ನೊಂದು ಪ್ರನಾಳಕ್ಕೆ ಲಾಲಾರಸದ ಬದಲು ಅಷ್ಟೇ ನೀರು ಹಾಕಿಡಿ, ಹೋಲಿಸಲು ಬೇಕು. ಅಯೋಡಿನ್ನನ್ನು ಪ್ರನಾಳಕ್ಕೇ ಹಾಕಬೇಡಿ. ಬಿಳಿ ತಟ್ಟೆಯ ಮೇಲೆ ಅಯೋಡಿನ್ ಹನಿಗಳ ಸಾಲು ಮಾಡಿ, ಎರಡೆರಡು ನಿಮಿಷಕ್ಕೆ ಪ್ರನಾಳದಿಂದ ಒಂದು ಹನಿ ತೆಗೆದು ಸೇರಿಸುತ್ತ ಹೋಗಿ: ನೀಲಿ, ನೇರಳೆ, ಕೆಂಗಂದು, ಕೊನೆಗೆ ಬರೀ ಅಯೋಡಿನ್ನಿನ ಬಣ್ಣ. ಗೆಳೆಯನದು ನಿಮ್ಮದಕ್ಕಿಂತ ಬೇಗ ಮುಗಿದರೆ ಅಚ್ಚರಿಯಿಲ್ಲ, ಲಾಲಾರಸದಲ್ಲಿ ಅಮೈಲೇಸ್ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ಥರ.

ಪ್ರಶ್ನೆ: ಕೈಯ ರಕ್ತನಾಳ ನೀಲಿ ಕಾಣುತ್ತದೆ. ಅಶುದ್ಧ ರಕ್ತ ನೀಲಿಯೇ?
— ಓದುಗರು, ಕಲಬುರಗಿ

ಉತ್ತರ: ಇಲ್ಲ. ಆಮ್ಲಜನಕ ಕಡಿಮೆ ಇರುವ ರಕ್ತ ಕಡುಗೆಂಪು, ಪರೀಕ್ಷೆಗೆಂದು ಸಿರಿಂಜಿನಲ್ಲಿ ಎಳೆದದ್ದನ್ನು ನೋಡಿದ್ದೀರಲ್ಲ, ಅದೇ ಬಣ್ಣ. ಚರ್ಮ ಮತ್ತು ಅದರ ಕೆಳಗಿನ ಪದರಗಳು ಬೆಳಕನ್ನು ಚದುರಿಸುವ ಬಗೆಯಿಂದ ನಾಳದ ಜಾಗ ಸುತ್ತಲಿನ ಚರ್ಮಕ್ಕಿಂತ ನೀಲಿಯಾಗಿ ಕಾಣುತ್ತದೆ. ಪಠ್ಯದ ಚಿತ್ರದಲ್ಲಿ ಅಭಿಧಮನಿಗೆ ನೀಲಿ ಬಳಿಯುವುದು ಗುರುತಿಗಷ್ಟೆ. 'ಅಶುದ್ಧ' ಎಂಬ ಮಾತನ್ನೂ ಬಿಡುವುದು ಒಳ್ಳೆಯದು: ಆ ರಕ್ತ ಕೊಳೆಯಾದದ್ದಲ್ಲ, ಅದರಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಅಷ್ಟೆ.