ದೇವ್ರು ಅಂದ್ರೆ ಬರೀ ಭಯ ಯಾಕೆ?

ಪ್ರಶ್ನೆ: ಅಕ್ಕಾ, ನಮ್ದು ಬೀದರ್ ಕಡೆ, ಈಗ ಪುಣೆಯ ಪಿಂಪ್ರಿಯಲ್ಲಿ ಸಣ್ಣ ಟೈಲರಿಂಗ್ ಯೂನಿಟ್ ನಡೆಸ್ತೀನಿ. ಭಾನುವಾರ ಚರ್ಚ್ ತಪ್ಪಿಸಲ್ಲ, ಸೋಮವಾರ ಕೆಲಸದವ್ರ ಮೇಲೆ ಕೂಗಾಡೋದೂ ತಪ್ಪಲ್ಲ. ದೇವ್ರನ್ನ ನೆನೆಸ್ಕೊಂಡ್ರೆ ಬರೀ ಭಯ. ಏನ್ ಮಾಡ್ಲಿ?

ಉತ್ತರ: ತಮ್ಮಾ, ನೀವು ದೇವ್ರನ್ನ ಹೆಂಗೆ ಅಂದ್ಕೊಂಡಿದೀರೋ ಹಂಗೇ ಕೆಲಸದವ್ರ ಹತ್ರ ನಡ್ಕೊಳ್ತಿದೀರ ಅನ್ಸುತ್ತೆ ನಂಗೆ. ಬೈಬಲ್ಲಲ್ಲಿ ವಿಮೋಚನಕಾಂಡ 34 ಓದಿ, ಇಸ್ರಾಯೇಲ್ ಜನ ಚಿನ್ನದ ಹೋರಿಕರು ಮಾಡ್ಕೊಂಡು ಅಡ್ಡಬಿದ್ದು, ಅವ್ರ ನಾಯಕ ಮೋಶೆ ಸಿಟ್ಟಲ್ಲಿ ದೇವ್ರ ಆಜ್ಞೆ ಬರೆದಿದ್ದ ಕಲ್ಲಿನ ಹಲಗೆ ಒಡೆದು, ಇಷ್ಟೆಲ್ಲಾ ಆದ್ಮೇಲೂ ದೇವ್ರು ತನ್ನ ಬಗ್ಗೆ ಮೊದ್ಲು ಹೇಳ್ಕೊಳ್ಳೋದು ಕನಿಕರ, ದಯೆ, ದೀರ್ಘಶಾಂತಿ (ಅಂದ್ರೆ ಬೇಗ ಸಿಟ್ಟಾಗದ ಗುಣ) ಅಂತ. ತಪ್ಪನ್ನ ಸುಮ್ನೆ ಬಿಟ್ಬಿಡ್ತಾನೆ ಅಂತಲ್ಲ, 7ನೇ ವಚನದಲ್ಲಿ ಅದೂ ಇದೆ. ಯೋನ ಅನ್ನೋ ಪ್ರವಾದಿಗೆ ಇದೆಲ್ಲ ಬಾಯಿಪಾಠ ಇತ್ತು, ಆದ್ರೂ ತಪ್ಪು ಒಪ್ಕೊಂಡ ನಿನೆವೆ ಪಟ್ಟಣದವ್ರನ್ನ ದೇವ್ರು ಉಳಿಸಿದ್ದಕ್ಕೆ ಮುಖ ಊದಿಸ್ಕೊಂಡು ಕೂತ (ಚರ್ಚ್ ಕಮಿಟೀಲೂ ಇಂಥವ್ರು ಸಿಗ್ತಾರೆ ಬಿಡಿ!).

ಒಂದ್ ಕೇಳ್ಲಾ, ಪಗಾರ ಟೈಮಿಗೆ ಕೊಡ್ತೀರಾ? ಕೂಲಿಯವನ ದುಡ್ಡು ಬೆಳಗಾಗೋವರೆಗೂ ಇಟ್ಕೋಬೇಡ ಅಂತ ಯಾಜಕಕಾಂಡ 19:13ರಲ್ಲಿದೆ. ಸೇಠ್ ಪೇಮೆಂಟ್ ಬಂದಿಲ್ಲ, ಮುಂದಿನ ವಾರ ನೋಡೋಣ ಅಂತ ನೀವು ಶನಿವಾರ ಸಂಜೆ ಹೇಳೋವಾಗ ಆ ಗುಂಡಿ ಹಾಕೋ ಹುಡುಗ ಊರಿಗೆ ಎಷ್ಟು ಕಳಿಸ್ಲಿ ಅಂತ ಮೊಬೈಲಲ್ಲಿ ಲೆಕ್ಕ ಹಾಕ್ತಾ ನಿಂತಿರ್ತಾನೆ. ಶುರು ಅಲ್ಲಿಂದ ಮಾಡಿ. ಕೂಗಾಟ ಒಂದೇ ದಿನಕ್ಕೆ ನಿಲ್ಲಲ್ಲ. ಹೊಲಿಗೆ ಕೆಟ್ರೆ ಬಿಚ್ಚಿಸಿ ಮತ್ತೆ ಹೊಲಿಸಿ, ಅದ್ರಲ್ಲಿ ತಪ್ಪೇನಿಲ್ಲ, ಆದ್ರೆ ಮಧ್ಯದಲ್ಲಿ ಅವ್ನ ಅಪ್ಪ ಅಮ್ಮನ್ನ ಎಳೀಬೇಡಿ.