ಗೆದ್ದ ಮೇಲೂ ಈ ಗದ್ದಲ ಯಾಕೆ?

ಗುಳೇದಗುಡ್ಡದ ಅಕ್ಕನವರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರ ಮನೆಯಲ್ಲಿ ಮಗ್ಗ ಇದೆ, ಖಣ ನೇಯುತ್ತಾರೆ. ಪಿಯುಸಿ ಓದುವ ಮಗನಿಗೆ ಚಿಕ್ಕಂದಿನಿಂದ ಫಿಟ್ಸ್. ಬಾಗಲಕೋಟೆಯ ಡಾಕ್ಟರ ಗುಳಿಗೆಯಿಂದ ಅದು ಹತೋಟಿಗೆ ಬಂದಿತ್ತು. ಈಗ ಬೇರೆ ಊರಿನಿಂದ ಬಂದು ಮನೆಮನೆ ಪ್ರಾರ್ಥನೆ ನಡೆಸುವ ಬೋಧಕರೊಬ್ಬರು ‘ಇದು ರೋಗ ಅಲ್ಲ, ಸೈತಾನನ ಕಾಟ. ಗುಳಿಗೆ ನುಂಗಿದರೆ ನಿಮಗೆ ನಂಬಿಕೆ ಇಲ್ಲ ಅಂತಲೇ ಅರ್ಥ’ ಎಂದಿದ್ದಾರೆ. ಬಿಡುಗಡೆ ಪ್ರಾರ್ಥನೆಗೆ ಇಷ್ಟು ಕಾಣಿಕೆ ಎಂದೂ ಗೊತ್ತು ಮಾಡಿದ್ದಾರೆ. ಅತ್ತೆಯವರಿಗೆ ಅದು ಸರಿ ಅನಿಸಿದೆ. ಯಜಮಾನರು ಏನೂ ಹೇಳುತ್ತಿಲ್ಲ. ಅಕ್ಕನವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಕೊಡುತ್ತೇನೆ: ‘ಯೇಸುಸ್ವಾಮಿ ಶಿಲುಬಿ ಮ್ಯಾಲೆ ಸೈತಾನನ್ನ ಗೆದ್ದರು ಅಂತ ಪ್ರತಿ ಈಸ್ಟರ್‌ಗೆ ಹಾಡ್ತೀವಿ. ಸೋತಾಂವ ಇನ್ನೂ ನಮ್ಮ ಮನ್ಯಾಗ ಏನ್ ಮಾಡಾಕತ್ತಾನ್ರಿ?’ ರಾತ್ರಿ ಮಕ್ಕಳು ಹೆದರುತ್ತಾರೆ, ಯಾವ ಕೀರ್ತನೆ ಓದಬೇಕು ಅಂತಲೂ ಕೇಳಿದ್ದಾರೆ.

ಅಕ್ಕನವರೇ, ಮೊದಲು ಗುಳಿಗೆ ವಿಷಯ ಮುಗಿಸೋಣ. ನಿಲ್ಲಿಸಬೇಡಿ. ಈಗಾಗಲೇ ನಿಲ್ಲಿಸಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ. ಫಿಟ್ಸ್ ಗುಳಿಗೆ ಒಮ್ಮೆಲೇ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಕಡಿಮೆ ಮಾಡುವುದಿದ್ದರೂ ಡಾಕ್ಟರೇ ನೋಡಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ. ಇನ್ನೊಂದು ಮಾತು ಯಜಮಾನರಿಗೂ ಓದಿ ಹೇಳಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಔಷಧ ತಪ್ಪಿಸುವುದು ನಮ್ಮ ರಾಜ್ಯದಲ್ಲಿ ಅಪರಾಧ. 2017ರ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಅದು ಎಲ್ಲ ಧರ್ಮದವರಿಗೂ ಒಂದೇ.

ಗುಳಿಗೆಗೂ ನಂಬಿಕೆಗೂ ಜಗಳ ಹಚ್ಚುವವರು ಬೈಬಲನ್ನು ಅರ್ಧ ಓದಿದವರು. ಮತ್ತಾಯ 4ನೇ ಅಧ್ಯಾಯದ 24ನೇ ವಚನ ತೆಗೆಯಿರಿ. ಯೇಸುಸ್ವಾಮಿಯ ಹತ್ತಿರ ಯಾರು ಯಾರನ್ನು ಕರೆತಂದರು ಅಂತ ಅಲ್ಲಿ ಬರೆದಿದೆ. ದೆವ್ವ ಹಿಡಿದವರು ಬೇರೆ, ಮೂರ್ಛೆರೋಗದವರು ಬೇರೆ, ಪಾರ್ಶ್ವವಾಯುವಿನವರು ಬೇರೆ. ಆ ಕಾಲದಲ್ಲೇ ಈ ಫರಕು ಗೊತ್ತಿತ್ತು. ಹಾಗಂತ ಇನ್ನೊಂದು ಕಥೆಯನ್ನು ನಿಮ್ಮಿಂದ ಮುಚ್ಚಿಡುವುದೂ ಸರಿಯಲ್ಲ. ಮಾರ್ಕ 9ರಲ್ಲಿ ನೊರೆ ಸುರಿಸಿ ಬೀಳುವ ಒಬ್ಬ ಹುಡುಗ ಇದ್ದಾನೆ. ಅಲ್ಲಿ ಯೇಸುಸ್ವಾಮಿ ಅಶುದ್ಧ ಆತ್ಮವನ್ನು ಗದರಿಸಿ ಬಿಡಿಸುತ್ತಾರೆ. ನಿಮ್ಮ ಬೋಧಕರು ಹಿಡಿದಿರುವುದು ಬಹುಶಃ ಇದೇ ಕಥೆಯನ್ನು. ಹಿಡಿಯಲಿ, ಆದರೆ ಪೂರ್ತಿ ಓದಲಿ. ಆ ಹುಡುಗನ ಅಪ್ಪ ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು’ ಅನ್ನುತ್ತಾನೆ. ಅರ್ಧ ನಂಬಿಕೆ, ಅರ್ಧ ಅನುಮಾನ. ‘ನಿನ್ನ ನಂಬಿಕೆ ಸಾಲದು’ ಅಂತ ಯೇಸುಸ್ವಾಮಿ ಅವನನ್ನು ವಾಪಸ್ ಕಳಿಸಲಿಲ್ಲ. ಹುಡುಗನನ್ನು ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಕೈ ಹಿಡಿದು ಎಬ್ಬಿಸಿದರು.

ಕಾಣಿಕೆಯ ಮಾತಂತೂ ಇನ್ನೂ ಸುಲಭ. ದೆವ್ವ ಬಿಡಿಸಿರಿ ಅಂತ ಶಿಷ್ಯರಿಗೆ ಹೇಳಿದ ವಚನದಲ್ಲೇ, ಮತ್ತಾಯ 10:8ರಲ್ಲಿ, ಪುಕ್ಕಟೆಯಾಗಿ ಪಡೆದಿದ್ದೀರಿ, ಪುಕ್ಕಟೆಯಾಗಿ ಕೊಡಿರಿ ಅಂತಲೂ ಇದೆ. ವಚನದ ಮುಂಭಾಗ ಮಾತ್ರ ಬಾಯಿಪಾಠ ಇರುವವರಿಂದ ಸ್ವಲ್ಪ ದೂರ ಇರುವುದು ಒಳ್ಳೆಯದು. ನಿಮ್ಮ ಊರಿಗೆ 1851ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ನಿನವರು ಗದಗಿನ ಬೆಟಗೇರಿಯಲ್ಲಿ ಆಸ್ಪತ್ರೆಯನ್ನೂ ನಡೆಸಿದರು. ಪ್ರಾರ್ಥನೆ ಮತ್ತು ಔಷಧ ಎರಡೂ ಒಂದೇ ಕಾಂಪೌಂಡಿನಲ್ಲಿ ಇರಬಹುದು ಅಂತ ನಮ್ಮ ಕಡೆಯ ಹಳೆಯ ಸಭೆಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಥೋಲಿಕ ಸಭೆಯಲ್ಲೂ ನಿಯಮ ಬಿಗಿ. ದೆವ್ವ ಬಿಡಿಸುವ ವಿಧಿಯನ್ನು ಬಿಷಪ್ಪರ ಅಪ್ಪಣೆ ಇಲ್ಲದೆ ಯಾವ ಫಾದರೂ ಮಾಡುವಂತಿಲ್ಲ. 1999ರಲ್ಲಿ ಆ ವಿಧಿಯನ್ನು ಪರಿಷ್ಕರಿಸಿದಾಗಲೂ ಮೊದಲು ಕಾಯಿಲೆ ಹೌದೋ ಅಲ್ಲವೋ ನೋಡಿ ಎಂಬ ಎಚ್ಚರಿಕೆಯನ್ನು ಉಳಿಸಿಕೊಂಡರು.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಯೇಸುಸ್ವಾಮಿ ಗೆದ್ದದ್ದು ಏನನ್ನು?

ಗೆಲುವು ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕುಸ್ತಿ. ಒಬ್ಬ ಮೇಲೆ, ಒಬ್ಬ ಕೆಳಗೆ. ಸುವಾರ್ತೆಯಲ್ಲಿ ಹಾಗೆ ನಡೆಯುವುದಿಲ್ಲ. ಮತ್ತಾಯ 4ರಲ್ಲಿ ಸೈತಾನ ಬಂದಾಗ ಅವನಿಗೆ ಕೋಡೂ ಇಲ್ಲ, ಬಾಲವೂ ಇಲ್ಲ. ಬರೀ ಮಾತು. ಅದೂ ಒಳ್ಳೆಯ ಮಾತು. ಹಸಿವಾಗಿದೆಯಲ್ಲ, ಕಲ್ಲನ್ನು ರೊಟ್ಟಿ ಮಾಡಿಕೋ. ದೇವಾಲಯದ ಮೇಲಿಂದ ಹಾರು, ದೂತರು ಹಿಡಿಯುತ್ತಾರೆ. ನನಗೆ ಅಡ್ಡಬೀಳು, ಎಲ್ಲ ರಾಜ್ಯಗಳೂ ನಿನ್ನವು. ‘ನೀನು ದೇವರ ಮಗನಾಗಿದ್ದರೆ’ ಅಂತ ಶುರು ಮಾಡುತ್ತಾನೆ. ಮೂರಕ್ಕೂ ಯೇಸುಸ್ವಾಮಿ ಒಲ್ಲೆ ಅಂದರು.

ಈಗ ಹಾಳೆಗಳನ್ನು ತಿರುವಿ 27ನೇ ಅಧ್ಯಾಯಕ್ಕೆ ಬನ್ನಿ. ಶಿಲುಬೆಯ ಕೆಳಗೆ ಹೋಗಿಬರುವ ಜನ ಕೂಗುತ್ತಾರೆ: ‘ನೀನು ದೇವರ ಮಗನಾಗಿದ್ದರೆ ಶಿಲುಬೆಯಿಂದ ಇಳಿದು ಬಾ.’ ಅದೇ ಮಾತು, ಅದೇ ಧಾಟಿ. ಅಡವಿಯಲ್ಲಿ ಸೈತಾನ ಆಡಿದ್ದನ್ನು ಇಲ್ಲಿ ಸಾಮಾನ್ಯ ಜನ ಆಡುತ್ತಿದ್ದಾರೆ. ಇಳಿದಿದ್ದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಬೋಧಕರ ಸಭೆಗಳಲ್ಲಿ ನಾವು ಹುಡುಕುವುದೂ ಅಂಥದ್ದೇ ಪವಾಡ, ಅಲ್ವಾ? ಯೇಸುಸ್ವಾಮಿ ಇಳಿಯಲಿಲ್ಲ. ಅದೇ ಗೆಲುವು. ತನ್ನನ್ನು ಉಳಿಸಿಕೊಳ್ಳಲು, ಹೆಸರು ಗಳಿಸಲು, ಜನರನ್ನು ಬಗ್ಗಿಸಲು ಬಲ ಬಳಸು ಎಂಬ ಆಸೆಗೆ ಒಬ್ಬ ಮನುಷ್ಯ ಕಡೆಯ ಉಸಿರಿನವರೆಗೂ ಒಲ್ಲೆ ಅಂದ. ಸೈತಾನನ ಕೈಯಲ್ಲಿ ಅದಕ್ಕಿಂತ ಬೇರೆ ಸರಕು ಇರಲಿಲ್ಲ.

ಮೊದಲ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ ಇದನ್ನು ಇನ್ನೊಂದು ಕಡೆಯಿಂದ ನೋಡುತ್ತಾನೆ. ಕೊಲೊಸ್ಸೆ 2:15ರಲ್ಲಿ ಕ್ರಿಸ್ತನು ಸೈತಾನನ ಕಡೆಯ ಅಧಿಕಾರಗಳ ಆಯುಧ ಕಸಿದು, ಎಲ್ಲರ ಎದುರು ಮೆರವಣಿಗೆ ಮಾಡಿದ ಅಂತ ಇದೆ. ರೋಮಿನ ಸೇನಾಪತಿಗಳು ಯುದ್ಧ ಗೆದ್ದರೆ ಸೆರೆಯಾಳುಗಳನ್ನು ಸಂಕೋಲೆ ಹಾಕಿ ಪೇಟೆಯಲ್ಲಿ ನಡೆಸುತ್ತಿದ್ದರು. ಪೌಲನ ಓದುಗರು ಅದನ್ನು ಬಲ್ಲವರು. ಪ್ರಸಂಗಗಳಲ್ಲಿ ಈ ವಚನ ಬಹಳ ಕೇಳುತ್ತೇವೆ. ಅದರ ಹಿಂದಿನ 14ನೇ ವಚನವನ್ನು ಯಾಕೋ ಬಿಟ್ಟುಬಿಡುತ್ತಾರೆ. ಅದರಲ್ಲಿ ಇರುವುದು ಸಾಲದ ಪತ್ರ. ನಮ್ಮ ಮೇಲಿದ್ದ ಪತ್ರವನ್ನು ದೇವರು ಅಳಿಸಿಹಾಕಿ ಶಿಲುಬೆಗೆ ಮೊಳೆ ಹೊಡೆದರು ಅಂತ. ನೇಕಾರರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂಲಿಗೆ, ಮದುವೆಗೆ, ಆಸ್ಪತ್ರೆಗೆ ಅಂತ ಕೈಗಡ ತಂದವರಿಗೆ ಗೊತ್ತು. ಸಾಹುಕಾರನ ಜೋರು ಅವನ ರಟ್ಟೆಯಲ್ಲಿ ಇರುವುದಿಲ್ಲ, ಪೆಟ್ಟಿಗೆಯಲ್ಲಿಟ್ಟ ಪತ್ರದಲ್ಲಿ ಇರುತ್ತದೆ. ಪತ್ರ ಹರಿದರೆ ಅವನು ಬಾಗಿಲಲ್ಲಿ ನಿಂತು ಕೂಗಬಹುದು, ಅಷ್ಟೇ. ವಸೂಲಿ ಮಾಡಲಾರ.

ಸೈತಾನನ ಮುಖ್ಯ ಕಸುಬು ಆಪಾದನೆ. ಯೋಬನ ಪುಸ್ತಕದಲ್ಲಿ ಅವನು ದೇವರ ಮುಂದೆ ಯೋಬನ ಮೇಲೆ ಚಾಡಿ ಹೇಳುತ್ತಾನೆ. ಪ್ರಕಟನೆ 12ರಲ್ಲಿ ಹಗಲೂ ರಾತ್ರಿ ವಿಶ್ವಾಸಿಗಳ ಮೇಲೆ ದೂರು ಹೇಳುವವನು ಅಂತಲೇ ಅವನನ್ನು ಕರೆದಿದೆ. ಪತ್ರ ಹೋದ ಮೇಲೆ ಅವನ ದೂರಿಗೆ ಆಧಾರ ಇಲ್ಲ. ಇಬ್ರಿಯ 2:14-15 ಇನ್ನೊಂದನ್ನು ಸೇರಿಸುತ್ತದೆ. ಸಾವಿನ ಭಯದಿಂದ ಜೀವಮಾನವೆಲ್ಲ ಆಳಾಗಿದ್ದವರನ್ನು ಬಿಡಿಸಲು ಕ್ರಿಸ್ತ ತಾನೇ ಸತ್ತ ಅಂತ. ಆಪಾದನೆ ಮತ್ತು ಭಯ. ಇವೆರಡೇ ಸೈತಾನನ ಆಯುಧ, ಇವೆರಡನ್ನೇ ಕ್ರಿಸ್ತ ಕಿತ್ತುಕೊಂಡದ್ದು. ಹಾಗಿದ್ದಾಗ ಕ್ರಿಸ್ತನ ಹೆಸರಿನಲ್ಲೇ ಒಬ್ಬರು ನಿಮ್ಮ ಮನೆಗೆ ಬಂದು ‘ನಿಮ್ಮಲ್ಲಿ ನಂಬಿಕೆ ಇಲ್ಲ’ ಅಂತ ಆಪಾದನೆ ಹೊರಿಸಿ, ‘ಸೈತಾನ ಕೂತಿದ್ದಾನೆ’ ಅಂತ ಭಯ ಹಾಕಿ, ಅದಕ್ಕೆ ದರ ಕಟ್ಟಿದರೆ ಅದನ್ನು ಏನನ್ನಬೇಕು? ಆ ಬೋಧಕರನ್ನೇ ಸೈತಾನ ಅನ್ನುತ್ತಿಲ್ಲ. ನಮ್ಮ ಹೋರಾಟ ಮನುಷ್ಯರ ಮೇಲಲ್ಲ ಅಂತ ಎಫೆಸ 6:12 ಹೇಳುತ್ತದೆ. ಆದರೆ ಕಿತ್ತುಕೊಂಡ ಆಯುಧವನ್ನು ಅವರು ತಿರುಗಿ ಅವನ ಕೈಗೇ ಕೊಡುತ್ತಿದ್ದಾರೆ.

ಈ ಗೆಲುವನ್ನು ಹೇಗೆ ವಿವರಿಸಬೇಕು ಅಂತ ಸಭೆಯ ಹಿರಿಯರೇ ಶತಮಾನಗಟ್ಟಲೆ ವಾದ ಮಾಡಿದ್ದಾರೆ. 4ನೇ ಶತಮಾನದ ಬಿಷಪ್ ನಿಸ್ಸದ ಗ್ರೆಗೊರಿ, ಕ್ರಿಸ್ತನ ಮನುಷ್ಯದೇಹ ಎರೆ, ಒಳಗಿನ ದೈವತ್ವ ಗಾಳ, ಸೈತಾನ ಮೀನಿನ ಹಾಗೆ ನುಂಗಿ ಸಿಕ್ಕಿಬಿದ್ದ ಅಂದರು. ಕೇಳಲು ಮಜಾ ಇದೆ, ಆದರೆ ದೇವರು ಮೋಸ ಮಾಡಿದ ಹಾಗಾಗುತ್ತದೆ. ಅದೇ ಕಾಲದ ಇನ್ನೊಬ್ಬ ಬಿಷಪ್ ನಾಜಿಯಾಂಜಸ್‌ನ ಗ್ರೆಗೊರಿ, ಕ್ರಿಸ್ತನ ರಕ್ತವನ್ನು ಸೈತಾನನಿಗೆ ಒತ್ತೆಹಣವಾಗಿ ಕೊಟ್ಟರು ಅನ್ನುವ ಮಾತಿಗೇ ಸಿಟ್ಟಾದರು. ಕಳ್ಳನಿಗೆ ಯಾರಾದರೂ ಬೆಲೆ ತೆರುತ್ತಾರೆಯೇ ಅಂತ. ನನಗೆ ಅವರ ಸಿಟ್ಟೇ ಜಾಸ್ತಿ ಹಿಡಿಸುತ್ತದೆ. 1098ರಲ್ಲಿ ಇಂಗ್ಲೆಂಡಿನ ಆರ್ಚ್‌ಬಿಷಪ್ ಆನ್ಸೆಲ್ಮ್ ಸೈತಾನನನ್ನು ಲೆಕ್ಕದಿಂದಲೇ ತೆಗೆದು, ಇದು ದೇವರ ಮತ್ತು ಮನುಷ್ಯರ ನಡುವಿನ ವಿಷಯ ಅಂದರು. 1930ರಲ್ಲಿ ಸ್ವೀಡನ್ನಿನ ದೇವಶಾಸ್ತ್ರ ಪಂಡಿತ ಗುಸ್ತಾಫ್ ಔಲೆನ್, ಹಳೆಯ ಸಭೆಯ ವಿಜಯದ ಮಾತನ್ನು ಮರೆಯಬೇಡಿ ಅಂತ ಮತ್ತೆ ನೆನಪಿಸಿದರು. ಒಂದರಲ್ಲಿ ಮಾತ್ರ ಎಲ್ಲರೂ ಒಂದು. ಸೈತಾನ ದೇವರಿಗೆ ಸರಿಜೋಡಿ ಅಲ್ಲ. 1215ರಲ್ಲಿ ರೋಮಿನಲ್ಲಿ ಸೇರಿದ ಲ್ಯಾಟರನ್ ಮಹಾಸಭೆ ಅದನ್ನು ಬರೆದೇ ಇಟ್ಟಿದೆ: ದೇವರು ಅವನನ್ನು ಒಳ್ಳೆಯವನಾಗಿಯೇ ಸೃಷ್ಟಿಸಿದರು, ಅವನು ತಾನಾಗಿ ಕೆಟ್ಟ. ನಮ್ಮ ಎಷ್ಟೋ ಮನೆಗಳಲ್ಲಿ ಬಾಗಿಲ ಮೇಲಿನ ಶಿಲುಬೆ ತಾಯಿತದ ಕೆಲಸ ಮಾಡುತ್ತಿದೆ. ಹೊರಗೆ ಅಷ್ಟೇ ಬಲದವನು ಒಬ್ಬ ಕಾದಿದ್ದಾನೆ ಅನ್ನುವ ಹೆದರಿಕೆ ಅದು. ಹಾಗೆ ಕಾದವನು ಯಾರೂ ಇಲ್ಲ.

ಹಾಗಾದರೆ ಈಗಲೂ ಯಾಕೆ ಈ ಕಾಟ? ಬೈಬಲು ಇಲ್ಲಿ ಸುಳ್ಳು ಸಮಾಧಾನ ಹೇಳುವುದಿಲ್ಲ. ಕೊಲೊಸ್ಸೆಯವರಿಗೆ ಗೆಲುವು ಆಗಿಹೋಯಿತು ಅಂತ ಬರೆಯುವ ಪತ್ರವೂ ಇದೆ, ರೋಮಿನವರಿಗೆ ದೇವರು ಬೇಗನೆ ಸೈತಾನನನ್ನು ನಿಮ್ಮ ಕಾಲಕೆಳಗೆ ತುಳಿಯುವರು ಅಂತ ಬರೆಯುವ ಪತ್ರವೂ ಇದೆ. ಒಂದು ಆದದ್ದು, ಇನ್ನೊಂದು ಆಗಬೇಕಾದದ್ದು. ನಿಮ್ಮ ಊರಿಗೆ ಮಿಶನರಿಗಳನ್ನು ಕಳಿಸಿದ ಅದೇ ಬಾಸೆಲ್ ನಗರದಲ್ಲಿ ಆಸ್ಕರ್ ಕುಲ್ಮನ್ ಎಂಬ ಪ್ರೊಫೆಸರ್ ಇದ್ದರು. ಎರಡನೇ ಮಹಾಯುದ್ಧವನ್ನು ಅವರು ಉದಾಹರಣೆಗೆ ತೆಗೆದುಕೊಂಡರು. 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸೈನ್ಯ ಫ್ರಾನ್ಸಿನ ದಂಡೆಗೆ ಇಳಿಯಿತು. ಯುದ್ಧ ಯಾವ ಕಡೆ ಹೋಗುತ್ತದೆ ಅನ್ನುವುದು ಅಂಥ ಒಂದು ದಿನ ತೀರ್ಮಾನ ಆಗಿಬಿಡುತ್ತದೆ. ಯುರೋಪಿನಲ್ಲಿ ಬಂದೂಕು ನಿಂತದ್ದು ಮಾತ್ರ 1945ರ ಮೇ 8ಕ್ಕೆ. ನಡುವಿನ ಹನ್ನೊಂದು ತಿಂಗಳು ಬಹಳ ಜನ ಸತ್ತರು. ನಾವು ಇರುವುದು ಆ ನಡುವಿನ ಕಾಲದಲ್ಲಿ ಅಂತ ಕುಲ್ಮನ್ ಹೇಳಿದರು. ಮಾತು ಒಪ್ಪುವಂಥದ್ದೇ. ಒಂದೇ ತಕರಾರು, ಯುದ್ಧದ ಮಾತು ಕೇಳಿ ಕೇಳಿ ನಮ್ಮವರು ಪಕ್ಕದ ಮನೆಯವರನ್ನೇ ಶತ್ರು ಮಾಡಿಕೊಳ್ಳುತ್ತಾರೆ.

ರೋಗ ಯಾರ ಪಾಪದಿಂದ ಬಂತು ಅಂತ ಅತ್ತೆಯವರು ಕೇಳಿದರೆ ಯೋಹಾನ 9 ಓದಿ ತೋರಿಸಿ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದನ್ನೇ ಕೇಳಿದರು. ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಯೂ ಮಾಡಲಿಲ್ಲ ಅಂತ ಯೇಸುಸ್ವಾಮಿ ಹೇಳಿದರು. ಅತ್ತೆಯವರ ಜೊತೆ ಜಗಳಕ್ಕೆ ಹೋಗಬೇಡಿ, ಮೊಮ್ಮಗನ ಮೇಲಿನ ಪ್ರೀತಿಯಿಂದಲೇ ಅವರು ಹೆದರಿದ್ದಾರೆ. ನಿಮ್ಮ ಸಭೆಯ ಪಾಲಕರನ್ನೇ ಮನೆಗೆ ಕರೆಯಿರಿ. ಹುಡುಗನನ್ನು ಕೂರಿಸಿಕೊಂಡು ಪ್ರಾರ್ಥನೆ ಮಾಡಲಿ. ಯಾಕೋಬನ ಪತ್ರದಲ್ಲಿ ರೋಗಿ ಸಭೆಯ ಹಿರಿಯರನ್ನು ಕರೆಸಲಿ ಅಂತ ಇದೆಯಲ್ಲ, ಅದು ನಿಮಗೆ ಹಕ್ಕು. ದೀಕ್ಷಾಸ್ನಾನದಲ್ಲಿ ಸೈತಾನನನ್ನು ತ್ಯಜಿಸುತ್ತೇನೆ ಅಂತ ನಿಮ್ಮ ಮನೆಯವರೆಲ್ಲರ ಪರವಾಗಿ ಆಗಲೇ ಹೇಳಿಯಾಗಿದೆ. 4ನೇ ಶತಮಾನದ ಯೆರೂಸಲೇಮಿನಲ್ಲಿ ಅದನ್ನು ಪಶ್ಚಿಮಕ್ಕೆ ಮುಖ ಮಾಡಿ ಹೇಳಿಸಿ, ಆಮೇಲೆ ಪೂರ್ವಕ್ಕೆ ತಿರುಗಿಸುತ್ತಿದ್ದರು. ತಿರುಗಿದವರು ಮತ್ತೆ ಮತ್ತೆ ಹಿಂದೆ ನೋಡಿ ಅವನು ಎಲ್ಲಿದ್ದಾನೆ ಅಂತ ಹುಡುಕಬೇಕಾಗಿಲ್ಲ.

ಕೀರ್ತನೆ ಕೇಳಿದ್ದೀರಿ. 91ನೆಯದನ್ನು ಎಲ್ಲರೂ ಹೇಳುತ್ತಾರೆ, ಓದಿ, ಚೆನ್ನಾಗಿದೆ. ಆದರೆ ದೇವಾಲಯದ ಮೇಲೆ ನಿಂತು ಸೈತಾನ ಬಾಯಿಪಾಠ ಒಪ್ಪಿಸಿದ್ದು ಅದೇ ಕೀರ್ತನೆಯನ್ನು. ಆದ್ದರಿಂದ ಅದು ಮಂತ್ರ ಅಂತ ತಿಳಿಯಬೇಡಿ. ಮಕ್ಕಳಿಗಾದರೆ 4ನೇ ಕೀರ್ತನೆಯ ಕೊನೆಯ ವಚನ ಕಲಿಸಿ. ನೆಮ್ಮದಿಯಿಂದ ಮಲಗಿ ನಿದ್ದೆ ಮಾಡುತ್ತೇನೆ ಅಂತ ಅದರಲ್ಲಿದೆ. ಚಿಕ್ಕದು, ಎರಡು ದಿನಕ್ಕೆ ಬಾಯಿಗೆ ಬರುತ್ತದೆ.

– ಸಂಪಾದಕ, ಬೆಳಗಾವಿ